ಅಲ್ಟ್ರಾ ಅಂಕಲ್

ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಬೇಕಾದರೆ ಅವರಿಗೆ ಸ್ಕೂಟರ್ ಬೇಕು. ಅದೇ ಮನುಷ್ಯ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹಣೆಗೆ ಟಾರ್ಚ್ ಕಟ್ಟಿಕೊಂಡು, ಮಾಕಳಿದುರ್ಗದ ತನಕ ಕಾರಿನಲ್ಲಿ ಹೋಗಿ, ಅಲ್ಲಿ ಇಪ್ಪತ್ತೈದು ಕಿಲೋಮೀಟರ್ ಓಡಿ, ಮತ್ತೆ ಕಾರಿನಲ್ಲೇ ವಾಪಸ್ ಬರುತ್ತಾರೆ. ಅಪಾರ್ಟ್‌ಮೆಂಟಿನ ಮಕ್ಕಳು ಅವರಿಗೆ ಇಟ್ಟಿರುವ ಹೆಸರು ಅಲ್ಟ್ರಾ ಅಂಕಲ್.

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ನಲವತ್ತು ದಾಟಿರುತ್ತದೆ. ಕೆಲಸ ಸಾಫ್ಟ್‌ವೇರಿನಲ್ಲೋ ಬ್ಯಾಂಕಿನಲ್ಲೋ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರು ಒಂದು ದಿನ ಹೆದರಿಸಿರುತ್ತಾರೆ. ಪಾಪ, ಡಾಕ್ಟರು ಹೇಳಿದ್ದು ದಿನಾ ಅರ್ಧ ಗಂಟೆ ನಡೀರಿ ಅಂತ ಅಷ್ಟೇ.

ನಡಿಗೆ ಓಟವಾಯಿತು, ಓಟ ಟೆನ್ ಕೆ ಆಯಿತು, ಅದು ಹಾಫ್ ಆಯಿತು, ಹಾಫ್ ಫುಲ್ ಆಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫುಲ್ ಮ್ಯಾರಥಾನ್ ಈಗ ಆಫೀಸಿನ ಎಚ್‌ಆರ್ ಹುಡುಗಿಯೂ ಓಡುತ್ತಾಳೆ. ಅದರ ಮೆಡಲನ್ನು ಲಿಫ್ಟಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹೀಗೆ ಮನಸ್ಸು ಕಹಿಯಾಗಿದ್ದ ಹೊತ್ತಿನಲ್ಲಿ, 2022ರ ಜುಲೈ ತಿಂಗಳಲ್ಲಿ, ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾ ದೇಶಗಳ 24 ಗಂಟೆಗಳ ಓಟದ ಚಾಂಪಿಯನ್‌ಷಿಪ್ ನಡೆಯಿತು. ಅಂಕಲ್ ಶನಿವಾರ ಬೆಳಿಗ್ಗೆ ಹೋಗಿ ನೋಡಿದರು. ಮನೆಗೆ ಬಂದು ಊಟ ಮಾಡಿದರು, ಒಂದು ನಿದ್ದೆ ತೆಗೆದರು, ಸಂಜೆ ಕಾಫಿ ಕುಡಿದು ಮತ್ತೆ ಹೋದರು. ಅದೇ ಜನ, ಅದೇ 400 ಮೀಟರ್ ಟ್ರ್ಯಾಕು, ಇನ್ನೂ ಸುತ್ತುತ್ತಲೇ ಇದ್ದಾರೆ! ಗೆದ್ದ ಅಮರ್ ಸಿಂಗ್ ದೇವಂದಾ ಒಂದು ದಿನದಲ್ಲಿ ಓಡಿದ್ದು 257 ಕಿಲೋಮೀಟರಿಗೂ ಹೆಚ್ಚು. ಸುತ್ತಿನ ಲೆಕ್ಕದಲ್ಲಿ ಆರುನೂರ ನಲವತ್ತಕ್ಕೂ ಮೇಲೆ. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಮನೆಗೆ ಬರುತ್ತಿದ್ದರು. ಅಂಕಲ್ ಕೈಮುಗಿದು ಶೂ ಅಂಗಡಿಗೆ ಹೋದರು.

"ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರು. ಅದರ ಮೇಲೆ ಒಂದು ಹೆಜ್ಜೆ ಇಟ್ಟರೂ ಅಲ್ಟ್ರಾನೇ" ಎಂಬುದು ಅಂದಿನಿಂದ ಅವರ ಬೀಜಮಂತ್ರ. ಇದನ್ನು ಅವರು ಎಲ್ಲಿ ಬೇಕಾದರೂ ಹೇಳಬಲ್ಲರು. ಇತ್ತೀಚೆಗೆ ನಾಮಕರಣವೊಂದರ ಪಂಕ್ತಿಯಲ್ಲಿ, ಸಾರು ಇನ್ನೇನು ಎಲೆ ದಾಟಬೇಕು ಎನ್ನುವಾಗ, ಪಕ್ಕದವರಿಗೆ ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಓಟದ ಕಥೆ ಶುರುವಾಗಿತ್ತು: 1921ರಲ್ಲಿ 34 ಜನರಿಂದ ಆರಂಭವಾದದ್ದು, ಡರ್ಬನ್ನಿಗೂ ಪೀಟರ್‌ಮ್ಯಾರಿಟ್ಸ್‌ಬರ್ಗಿಗೂ ನಡುವೆ ಸುಮಾರು ತೊಂಬತ್ತು ಕಿಲೋಮೀಟರು, ಹನ್ನೆರಡು ಗಂಟೆ ಆಗುತ್ತಿದ್ದಂತೆ ಒಬ್ಬ ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಬಂದೂಕು ಹಾರಿಸುತ್ತಾನೆ, ಒಂದು ಸೆಕೆಂಡ್ ತಡವಾದರೂ ಮೆಡಲ್ ಇಲ್ಲ. ಪಕ್ಕದವರು ಹೋಳಿಗೆಗೆ ತುಪ್ಪ ಕೇಳಬೇಕೆಂದು ಆಗಿನಿಂದ ಬಾಯಿ ತೆರೆದಿದ್ದರು.

"ಅನ್ನ ಹಾಕ್ಲಾ ಸಾರ್?" ಎಂದ ಬಡಿಸುವ ಹುಡುಗ.

"ಕಾರ್ಬ್ ಲೋಡಿಂಗು. ಹಾಕಪ್ಪ, ಹಾಕು."

ಅಲ್ಟ್ರಾಗೆ ಬೇಕಾಗುವ ಸಾಮಾನು ನಿಜಕ್ಕೂ ಕಡಿಮೆ. ಹಿಡಿತ ಇರುವ ಶೂ, ನೀರು ಹೊರುವ ಒಂದು ಚೀಲ, ತೊಡೆ ಉಜ್ಜದಂತೆ ಹಚ್ಚಿಕೊಳ್ಳಲು ವ್ಯಾಸಲೀನ್, ಕತ್ತಲಿಗೊಂದು ದೀಪ. ಅಂಕಲ್ ಅಷ್ಟಕ್ಕೇ ಸುಮ್ಮನಾಗುವ ಪೈಕಿಯಲ್ಲ. ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರನ್ನೂ ದಾಟಿಕೊಂಡು ಮೋಂ ಬ್ಲಾಂ ಪರ್ವತದ ಸುತ್ತ ಸುಮಾರು 170 ಕಿಲೋಮೀಟರ್ ಓಡುವ ಯುಟಿಎಂಬಿ ಎಂಬ ಓಟ 2003ರಿಂದ ನಡೆಯುತ್ತಿದೆ. ಅಲ್ಲಿ ಹಿಮ ಬೀಳಬಹುದು, ದಾರಿ ತಪ್ಪಬಹುದು. ಅದಕ್ಕೇ ಮೈಗೆ ಸುತ್ತಿಕೊಳ್ಳುವ ಬೆಳ್ಳಿಹಾಳೆಯಂಥ ಹೊದಿಕೆ, ಸೀಟಿ, ಮಳೆ ಜಾಕೆಟ್ ಎಲ್ಲ ಕಡ್ಡಾಯ. ಅಂಕಲ್ ಆ ಪಟ್ಟಿಯನ್ನು ಪೂರ್ತಿ ಕೊಂಡರು, ಜೊತೆಗೆ ಎರಡು ಊರುಗೋಲು. ಎಲ್ಲವನ್ನೂ ಬೆನ್ನಿಗೇರಿಸಿ ಮೊದಲು ಹೋದದ್ದು ತುರಹಳ್ಳಿ ಕಾಡಿಗೆ. ಅಲ್ಲಿ ದಾರಿ ತಪ್ಪಿದರೆ ಸಿಗುವುದು ಬನಶಂಕರಿ ಆರನೇ ಹಂತ.

ಹದಿನೈದು ಸಾವಿರದ ಶೂ ಮನೆಗೆ ಬಂದ ದಿನ ಅವರ ಹೆಂಡತಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಮೆಕ್ಸಿಕೋದ ರರಾಮುರಿ ಬುಡಕಟ್ಟಿನ ಮಾರಿಯಾ ಲೊರೆನಾ ರಮೀರೆಜ್ 2017ರಲ್ಲಿ ಅಲ್ಲಿನ ಐವತ್ತು ಕಿಲೋಮೀಟರ್ ಬೆಟ್ಟದ ಓಟ ಗೆದ್ದಿದ್ದು ಲಂಗ ಉಟ್ಟು, ಕಾಲಿಗೆ ಸಾದಾ ಚಪ್ಪಲಿ ಹಾಕಿಕೊಂಡು. ನೀರಿನ ಚೀಲವಿಲ್ಲ, ಜೆಲ್ ಇಲ್ಲ.

"ಇವಳಿಗೂ ಊರುಗೋಲು ಬೇಕಿತ್ತೇನ್ರೀ?" ಎಂದರು. ಅಂಕಲ್ ಶೂ ತಳದ ಹಲ್ಲುಗಳನ್ನು ಎಣಿಸುವುದರಲ್ಲಿ ಮುಳುಗಿದ್ದರು.

ಇನ್ನು ಟ್ರೇನಿಂಗು. ಹೊಸಬರು ಮಾಡುವ ತಪ್ಪು ಎಲ್ಲ ದಿನವೂ ಏದುಸಿರು ಬಿಡುತ್ತ ಓಡುವುದು. ಅಮೆರಿಕದ ಫಿಲ್ ಮ್ಯಾಫಟೋನ್ ಇದಕ್ಕೊಂದು ಸುಲಭದ ಲೆಕ್ಕ ಹೇಳಿದ್ದಾರೆ: 180ರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಹೃದಯದ ಬಡಿತ ಅದಕ್ಕಿಂತ ಮೇಲೆ ಹೋಗದಂತೆ ಓಡಿ. ನಲವತ್ತಾರರ ಅಂಕಲ್‌ಗೆ ಬಂದ ಮಿತಿ 134. ಲಾಲ್‌ಬಾಗಿನಲ್ಲಿ ಓಡಲು ನಿಂತರೆ ಎರಡನೇ ನಿಮಿಷಕ್ಕೆ ಗಡಿಯಾರ ಕೀಂ ಎನ್ನುತ್ತದೆ. ವೇಗ ಇಳಿಸಿದರೆ, ರೇಷ್ಮೆ ಸೀರೆಗೆ ಬಿಳಿ ಶೂ ಹಾಕಿಕೊಂಡು ವಿಷ್ಣು ಸಹಸ್ರನಾಮ ಕೇಳುತ್ತ ನಡೆಯುವ ಅಜ್ಜಿಯರು ಹಿಂದಿನಿಂದ ಬಂದು "ಸ್ವಲ್ಪ ದಾರಿ ಬಿಡಪ್ಪ" ಎನ್ನುತ್ತಾರೆ. ಕೆಂಪೇಗೌಡ ಗೋಪುರದ ಬಂಡೆ ಏರುವಾಗಲಂತೂ 134 ಉಳಿಸಿಕೊಳ್ಳಲು ನಿಂತೇ ಬಿಡಬೇಕು. ಆ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು, ಅದಕ್ಕೇನೂ ಅವಸರವಿಲ್ಲ. ಅಂಕಲ್‌ಗೆ ಇದೆ, ಒಂಬತ್ತಕ್ಕೆ ಸ್ಟ್ಯಾಂಡ್‌ಅಪ್ ಮೀಟಿಂಗು.

ಈ ಕ್ರೀಡೆಯ ದೊಡ್ಡ ಗುಟ್ಟು ಆಗ ಅವರಿಗೆ ಗೊತ್ತಾಯಿತು. ಅಲ್ಟ್ರಾ ಓಟಗಾರರು ನಡೆಯುತ್ತಾರೆ. ಏರು ಬಂದರೆ ಅನುಭವಸ್ಥರು ನಾಚಿಕೆಯಿಲ್ಲದೆ ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಾರೆ, ಸಮತಟ್ಟು ಸಿಕ್ಕಾಗ ಓಡುತ್ತಾರೆ, ನಡುನಡುವೆ ತಿನ್ನುತ್ತಾರೆ. ಡಾಕ್ಟರು ಮೊದಲೇ ಹೇಳಿದ್ದ ಚಿಕಿತ್ಸೆಗೆ ಎರಡು ವರ್ಷ, ಮೂರು ಜೊತೆ ಶೂ ಖರ್ಚಾದ ಮೇಲೆ ವಾಪಸ್ ಬಂದಿದ್ದರು. ಆದರೆ ಇದನ್ನು ಅವರು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ತಿನ್ನುವ ವಿಷಯ ಬಂತು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳುತ್ತಿರಬೇಕು, ಇಲ್ಲದಿದ್ದರೆ ಮೈಯಲ್ಲಿ ಕೂಡಿಟ್ಟದ್ದು ಕೆಲವು ಗಂಟೆಗಳಲ್ಲೇ ತಳ ಕಾಣುತ್ತದೆ. ಅಂಕಲ್ ಜೆಲ್ ತರಿಸಿದರು, ಒಂದೊಂದು ನೂರೈವತ್ತು ರೂಪಾಯಿ. ಮೂರನೆಯದನ್ನು ಹೀರಿದ ಮೇಲೆ ಸಾವನದುರ್ಗದ ಪೊದೆಗಳ ಪರಿಚಯ ಚೆನ್ನಾಗಿಯೇ ಆಯಿತು. ಹಾಸನದ ಕಡೆಯ ಅವರ ತಾಯಿ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿ, ಕಡಲೆ ಮಿಠಾಯಿ, ಎರಡು ಬಾಳೆಹಣ್ಣು ಕಟ್ಟಿಕೊಟ್ಟರು. "ಗದ್ದೆಗೆ ಹೋಗೋರಿಗೆ ನಾವು ಇದನ್ನೇ ಕಟ್ತಿದ್ದಿದ್ದು ಕಣೋ" ಎಂದರು. ವಿದೇಶಿ ಅಲ್ಟ್ರಾಗಳ ಬುತ್ತಿ ಮೇಜಿನ ಮೇಲೆ ಇರುವುದೂ ಹೆಚ್ಚುಕಡಿಮೆ ಇದೇ: ಉಪ್ಪಿನ ಆಲೂಗಡ್ಡೆ, ಬಾಳೆಹಣ್ಣು, ಕೋಲಾ. ಕಡಲೆ ಮಿಠಾಯಿ ಇನ್ನೂ ಅಲ್ಲಿಗೆ ತಲುಪಿದಂತಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ನಗುವಂತಿಲ್ಲ. ಬಾಯಾರದಿದ್ದರೂ ಲೀಟರುಗಟ್ಟಲೆ ಬರಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದವರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಇದನ್ನು ಓದಿದ ಮೇಲೆ ಅಂಕಲ್ ಬಾಯಾರಿದಾಗ ಮಾತ್ರ ಕುಡಿಯುತ್ತಾರೆ, ಉಪ್ಪಿನ ಪೊಟ್ಟಣ ಜೇಬಿನಲ್ಲೇ ಇರುತ್ತದೆ.

ಕರ್ನಾಟಕದಲ್ಲಿ ಓಡಲು ಜಾಗಕ್ಕೆ ಬರವಿಲ್ಲ. ಬೆಂಗಳೂರು ಅಲ್ಟ್ರಾ 2007ರಲ್ಲೇ ಶುರುವಾಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಇದೆ. ಅಂಕಲ್ ಹೆಸರು ಕೊಟ್ಟದ್ದು ಕಾಫಿ ಸೀಮೆಯದೇ ಇನ್ನೊಂದು ಐವತ್ತು ಕಿಲೋಮೀಟರಿಗೆ. ಸೋನೆ ಮಳೆ, ಕಾಲಡಿ ಕೆಸರು, ಸಾಕ್ಸಿನೊಳಗೆ ಇಂಬಳ. ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು ಬನ್ನಿ ಎಂದು ತೋಟದವರು ಹೇಳಿದ್ದನ್ನು ಕೇಳದೆ ಅವರು ತಂದದ್ದು ಆಮದು ಸ್ಪ್ರೇ. ಇಂಬಳಗಳಿಗೆ ಅದರ ವಾಸನೆ ಹಿಡಿಸಿದಂತಿತ್ತು.

ಏರುಗಳನ್ನು ನಡೆದೇ ದಾಟಿದರು. ಕೆಡಿಸಿದ್ದು ಇಳಿಜಾರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯಬೇಕು; ಅದರ ಅಭ್ಯಾಸವಿಲ್ಲದವರ ಕಾಲು ಬಲು ಬೇಗ ಕೈಕೊಡುತ್ತದೆ. ನಲವತ್ತೊಂದನೇ ಕಿಲೋಮೀಟರಿನ ನಿಲ್ದಾಣಕ್ಕೆ ಅಂಕಲ್ ಬರುವಾಗ ಕಟ್‌ಆಫ್ ಆಗಿ ಹತ್ತು ನಿಮಿಷವಾಗಿತ್ತು. ವಾಲಂಟಿಯರ್ ಹುಡುಗ ತುಂಬ ವಿನಯದಿಂದ ಬಿಬ್ ಕಿತ್ತುಕೊಂಡು, ಕಾಫಿ ಕೊಟ್ಟು, ಜೀಪು ಬರುತ್ತೆ ಕೂತಿರಿ ಅಂಕಲ್ ಎಂದ.

ಅಂಕಲ್ ಗಡಿಯಾರ ನೋಡಿದರು. ಸಿಲ್ವರ್ ಓಕ್ ಮರಗಳ ಕೆಳಗೆ ಜಿಪಿಎಸ್ ಅತ್ತಿತ್ತ ಅಲೆದದ್ದೂ, ಎರಡು ಸಲ ಪೊದೆಯ ಕಡೆ ಹೋಗಿಬಂದದ್ದೂ ಸೇರಿ 41.9 ತೋರಿಸುತ್ತಿತ್ತು. ಕಾಫಿ ಲೋಟ ಕೆಳಗಿಟ್ಟು ಎದ್ದರು. ಖಾಲಿ ಬಿದ್ದಿದ್ದ ಕಾಫಿ ಕಣದ ಸುತ್ತ ಕುಂಟುತ್ತ, ಕಣ್ಣು ಮಣಿಕಟ್ಟಿನ ಮೇಲೇ ಇಟ್ಟುಕೊಂಡು ಸುತ್ತತೊಡಗಿದರು. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ತೋಟದ ಹೆಂಗಸರು ನಿಂತು ನೋಡಿದರು. ಮೂರನೇ ಸುತ್ತಿಗೆ ಒಬ್ಬಾಕೆಗೆ ತಡೆಯಲಾಗಲಿಲ್ಲ.

"ಏನ್ ಕಳ್ಕೊಂಡ್ರಿ ಸಾರ್? ನಾವೂ ಹುಡುಕ್ತೀವಿ."

"ಮುನ್ನೂರು ಮೀಟರ್ ಕಣಮ್ಮ," ಎಂದರು ಅಂಕಲ್, ನಿಲ್ಲದೆ. "ಇನ್ನು ನೂರೈವತ್ತು ಸಿಗಬೇಕು."