ಲಂಕೆಗೆ ಹೋದ ನಮ್ಮ ಸಭೆ

ವೈಟ್‌ಫೀಲ್ಡಿನಲ್ಲಿ ಇರುವವರೆಲ್ಲ ಒಂದಲ್ಲ ಒಂದು ಸಲ ಆನ್‌ಸೈಟ್ ಹೋಗಿ ಬಂದವರೇ. ಐಟಿಪಿಎಲ್‌ನಲ್ಲಿ ಕೆಲಸ ಮಾಡುವ ಹುಡುಗರು ಹೋಗುತ್ತಾರೆ, ಅವರ ಹಿಂದೆ ಹೆಂಡತಿಯರು ಹೋಗುತ್ತಾರೆ, ಬಾಣಂತನದ ನೆಪದಲ್ಲಿ ಅಮ್ಮ, ಅತ್ತೆಯರು ಸರದಿಯ ಮೇಲೆ ಹೋಗುತ್ತಾರೆ. ಹೀಗಿರುವಾಗ ಸಭೆಯೊಂದೇ ಊರಲ್ಲಿ ಕೂತಿರಲು ಸಾಧ್ಯವೇ? ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ಪ್ರಕಟಣೆ ಓದುತ್ತಾ, ಸ್ತ್ರೀಯರ ಕೂಟ ಬುಧವಾರ, ಸಮಾಧಿ ತೋಟದ ಹುಲ್ಲು ಕೀಳುವುದು ಶನಿವಾರ ಎಂದವರು, ಕನ್ನಡಕ ಸರಿಮಾಡಿಕೊಂಡು, "ಶ್ರೀಲಂಕೆಗೆ ಸುವಾರ್ತಾ ಪ್ರವಾಸ, ಆಸಕ್ತರು ಹೆಸರು ಕೊಡಿ" ಎಂದರು. ಹುಲ್ಲು ಕೀಳಲು ಯಾರೂ ಹೆಸರು ಕೊಡಲಿಲ್ಲ. ಲಂಕೆಗೆ ಸಾಲು ನಿಂತಿತು. ಆ ಸಾಲಿನಲ್ಲಿ ನಾನೂ ಇದ್ದೆ ಎನ್ನಲು ನನಗೇನೂ ಸಂಕೋಚವಿಲ್ಲ.

ಇದರಲ್ಲಿ ಊರಿನ ಮಣ್ಣಿನ ಗುಣವೂ ಸ್ವಲ್ಪ ಇರಬೇಕು. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಪೇಟೆಯ ನೌಕರಿಗೆ ಒಗ್ಗಿದ ತನ್ನ ಜನ ಹೊಲ ಉತ್ತು ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ಸಂಘದ ವೈಟ್ ಸಾಹೇಬರ ಆಸೆ. ಅವರ ಹೆಸರೇನೋ ಊರಿಗೆ ನಿಂತಿತು. ಇವತ್ತು ಹೋಪ್ ಫಾರಂ ಎಂಬಲ್ಲಿ ಫಾರಂ ಇಲ್ಲ, ಸಿಗ್ನಲ್ ಇದೆ. ಗೊತ್ತಿಲ್ಲದ ಕೆಲಸಕ್ಕೆ ಪೂರಾ ಉತ್ಸಾಹದಿಂದ ಇಳಿಯುವ ಸಂಪ್ರದಾಯ ಮಾತ್ರ ಅಂದಿನಿಂದ ಇಂದಿನವರೆಗೆ ಮುಕ್ಕಾಗದೆ ಉಳಿದಿದೆ.

ತಂಡಕ್ಕೆ ನಾಯಕನಾದವನು ದೊಡ್ಡ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಒಳ್ಳೆಯ ಹುಡುಗ, ಪ್ರಾರ್ಥನೆಯನ್ನೂ ಬುಲೆಟ್ ಪಾಯಿಂಟ್ ಹಾಕಿ ಮಾಡುತ್ತಾನೆ. ಮೊದಲ ಸಭೆ ಅವನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಗೋಡೆಯ ಮೇಲೆ ಎಕ್ಸೆಲ್ ಬಿತ್ತು. ಯಾರು ಹಾಡು, ಯಾರು ಕಿರುನಾಟಕ, ಯಾರು ಮಾತ್ರೆ ಡಬ್ಬಿ, ಎಲ್ಲಕ್ಕೂ ಒಬ್ಬೊಬ್ಬ ಓನರ್. ಸಂಭವನೀಯ ಅಪಾಯಗಳ ಪಟ್ಟಿಯೂ ಇತ್ತು: ಮೊದಲನೆಯದು ಭೂಕುಸಿತ, ಎರಡನೆಯದು ಆನೆ, ನಾಲ್ಕನೆಯದು ಜಿಗಣೆ, ಏಳನೆಯದು ನನ್ನ ಬಿಪಿ. ದಿನಾ ರಾತ್ರಿ ಒಂಬತ್ತಕ್ಕೆ ಸ್ಟ್ಯಾಂಡ್‌ಅಪ್ ಕಾಲ್. ನಾನು ಮಲಗಿಕೊಂಡೇ ಹಾಜರಿ ಹಾಕುತ್ತಿದ್ದೆ.

ಹಣಕ್ಕೆ ಸುಗ್ಗಿ ಹಬ್ಬದ ಹರಾಜು ಇತ್ತಲ್ಲ. ಹಳೆ ಮೈಸೂರಿನ ಸಭೆಗಳಲ್ಲಿ ಬೆಳೆದವರಿಗೆ ಅದು ಹೊಸದಲ್ಲ: ರೈತರು ರಾಗಿ, ಕೋಳಿ, ಬಾಳೆಗೊನೆ ತಂದು ಒಪ್ಪಿಸುವುದು, ಅದನ್ನು ಹಿರಿಯರು ಕೂಗುವುದು. ನಮ್ಮಲ್ಲಿ ರೈತರಿಲ್ಲದ್ದರಿಂದ ಒಪ್ಪಿಸಿದ ಕುಂಬಳಕಾಯಿಯೂ ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಆ್ಯಪಿನಿಂದಲೇ ಬಂದದ್ದು. ಅದು ನಾಲ್ಕು ಸಾವಿರಕ್ಕೆ ಹೋಯಿತು. ಕೊಂಡವರು ಅದನ್ನು ಮತ್ತೆ ಸಭೆಗೇ ಕೊಟ್ಟರು, ಮತ್ತೆ ಕೂಗಿದರು, ಇನ್ನೊಬ್ಬರು ಕೊಂಡರು. ಯಾರಿಗೂ ಕುಂಬಳಕಾಯಿ ಬೇಡ, ಎಲ್ಲರಿಗೂ ಪುಣ್ಯ ಬೇಕು. ಸಂಜೆಯ ಹೊತ್ತಿಗೆ ಅದು ನಮ್ಮ ಕಡೆಯ ಸೈಟುಗಳಿಗಿಂತ ಹೆಚ್ಚು ಕೈ ಬದಲಾಯಿಸಿ, ಕೊನೆಗೆ ಅಯ್ಯನವರ ಮನೆಯ ಸಾಂಬಾರಿಗೆ ಬಿತ್ತು.

ಎರಡನೆಯ ಸಭೆಯಲ್ಲಿ ನಾಯಕ ಸುವಾರ್ತಾ ಸೇವೆಯ ಚರಿತ್ರೆ ತೋರಿಸಿದ. ಸಂತ ಪೌಲನ ಹಡಗು ಮೆಲಿಟ ದ್ವೀಪದ ಹತ್ತಿರ ಒಡೆಯಿತು. ಮುಂದಿನ ಸ್ಲೈಡಿನಲ್ಲಿ ನಾವು ಒಂದೇ ಬಣ್ಣದ ಟೀಶರ್ಟು ಹಾಕಿ ನಿಂತಿದ್ದೆವು. ನಡುವಿನ ಹತ್ತೊಂಬತ್ತು ಶತಮಾನ ಎಲ್ಲಿ ಹೋಯಿತಪ್ಪಾ ಎಂದೆ. "ಟೈಮ್ ಇರಲಿಲ್ಲ ಆಂಟಿ" ಎಂದ.

ನಾನು ಗುಬ್ಬಿ ಕಡೆಯವಳು; ನನಗೆ ಟೈಮ್ ಇದೆ. ಗುಬ್ಬಿಗೆ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರಿಷ್ ಹುಡುಗ ವೆಸ್ಲಿಯನ್ ಮಿಷನ್ನಿನಿಂದ ಹೊರಟು ಬಂದ. ಇಪ್ಪತ್ತರ ಪ್ರಾಯ. ಬಂದವನು ಕನ್ನಡ ಕಲಿತ, ಕಣ್ಣು ಕೆಡಿಸಿಕೊಂಡ, 1841ರಲ್ಲಿ ಊರಿಗೆ ವಾಪಸಾದ. ಆಗಿನ ಲೆಕ್ಕದಲ್ಲಿ ಅದೇ ಒಂದು ಕಿರು ಪ್ರವಾಸ. ಇಷ್ಟಕ್ಕೇ ಅವನು 1847ರಲ್ಲಿ ಮೈಸೂರು ಸೀಮೆಯ ಮೇಲೆ ದಪ್ಪನೆಯ ಪುಸ್ತಕವೊಂದನ್ನು ಬರೆದ. ಇನ್ನೂ ಹಿಂದಕ್ಕೆ ಹೋದರೆ ಕಥೆ ನೇರ ಲಂಕೆಗೇ ತಲುಪುತ್ತದೆ. ವೆಸ್ಲಿಯನ್ನರು ಈ ಕಡೆ ಮೊದಲು ನೆಲೆಯೂರಿದ್ದು 1814ರಲ್ಲಿ, ಸಿಂಹಳದಲ್ಲಿ. ಇಂಗ್ಲೆಂಡ್ ಬಿಟ್ಟು ಅಲ್ಲಿಗೆ ಮುಟ್ಟಲು ಸುಮಾರು ಆರು ತಿಂಗಳು. ಅವರ ಮುಖಂಡ ಥಾಮಸ್ ಕೋಕ್ ದಾರಿಯಲ್ಲೇ, ನಡುಗಡಲಲ್ಲಿ ತೀರಿಕೊಂಡ. ಆ ಗುಂಪಿನ ಜೇಮ್ಸ್ ಲಿಂಚ್ 1817ರಲ್ಲಿ ಜಾಫ್ನಾದಿಂದ ಮದರಾಸಿಗೆ ದಾಟಿದ. 1821ಕ್ಕೆ ಅವರ ಕಡೆಯವರು ಬೆಂಗಳೂರಿಗೆ ಬಂದರು. ಅಂದರೆ ನಮಗೆ ಬಂದ ಬುತ್ತಿ ಲಂಕೆಯ ದಾರಿಯಿಂದಲೇ ಬಂದದ್ದು. ನಾವೀಗ ಡಬ್ಬಿ ವಾಪಸು ಕೊಡಲು ಹೊರಟಿದ್ದೇವೆ ಎಂದು ನಾನು ಹೇಳಿದಾಗ ತಂಡ ಚಪ್ಪಾಳೆ ತಟ್ಟಿತು. ಖಾಲಿ ಡಬ್ಬಿ ವಾಪಸು ಕೊಡುವುದು ನಮ್ಮಲ್ಲಿ ಪದ್ಧತಿಯಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಪಕ್ಕದ ಫ್ಲ್ಯಾಟಿನ ಅಜ್ಜಿ ಮಾತ್ರ, "ಲಂಕೆಗಾ? ಹುಷಾರಮ್ಮ, ಅಲ್ಲಿಗೆ ಹೋದವರು ಸುಮ್ಮನೆ ಬಂದಿದ್ದಿಲ್ಲ, ಊರಿಗೆ ಬೆಂಕಿ ಇಟ್ಟೇ ಬಂದದ್ದು" ಎಂದರು.

ಪೀಣ್ಯದ ಮಾಮನ ವಿಷಯ ಇಲ್ಲಿ ಹೇಳಿಬಿಡಬೇಕು. ಅವರು ನಮ್ಮ ಸಭೆಯವರೇ ಅಲ್ಲ. ಮಗಳು ವೈಟ್‌ಫೀಲ್ಡಿನಲ್ಲಿರುವುದರಿಂದ ಭಾನುವಾರ ಪೀಣ್ಯದಲ್ಲಿ ಹಸಿರು ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಿಸಿ, ಮೊಮ್ಮಗನ ಆಸೆಗೆ ಬರುವವರು. ಜೀವಮಾನವೆಲ್ಲ ಪೀಣ್ಯ ಎರಡನೇ ಹಂತದ ಶೆಡ್ಡೊಂದರಲ್ಲಿ ಲೇತ್ ಮುಂದೆ ನಿಂತವರು. ಅಳಿಯ ಕೊನೇ ಗಳಿಗೆಯಲ್ಲಿ ರಿಲೀಸ್ ಇದೆ ಎಂದು ಕೈಯೆತ್ತಿದ್ದರಿಂದ ಅವನ ಜಾಗಕ್ಕೆ ಇವರು. ಎಕ್ಸೆಲ್‌ನಲ್ಲಿ ಇವರ ಹೆಸರಿನ ಮುಂದೆ ಏನು ಬರೆಯುವುದೆಂದು ತಿಳಿಯದೆ ನಾಯಕ 'ಪ್ರಾರ್ಥನಾ ಬೆಂಬಲ' ಎಂದು ತುಂಬಿಸಿದ.

ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಗಳ ತೂಕ. ಸ್ತ್ರೀಯರ ಕೂಟದವರು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮಾವಿನಕಾಯಿ ಉಪ್ಪಿನಕಾಯಿ, ರವೆ ಉಂಡೆಗಳನ್ನು ಒತ್ತೊತ್ತಿ ತುಂಬಿದ್ದರು. ಅನ್ನ ಕಾಣದ ದೇಶಕ್ಕೆ ಹೊರಟವರ ಹಾಗೆ. ಮಾಮನ ಚೀಲ ಎತ್ತಿದರೆ ಕಣಕಣ ಸದ್ದು. ಒಳಗೆ ಸ್ಪ್ಯಾನರ್ ಸೆಟ್ಟು, ಪೈಪ್ ರೆಂಚು, ಹ್ಯಾಕ್ಸಾ. "ಅಂಕಲ್, ಇದೆಲ್ಲ ಯಾಕೆ? ತೂಕ ಇಳಿಸಬೇಕು" ಎಂದ ನಾಯಕ. ಮಾಮ ಮರುಮಾತಾಡದೆ ತಮ್ಮ ಬಟ್ಟೆಗಳನ್ನು ತೆಗೆದಿಟ್ಟರು. ಎರಡು ಶರಟಿನಲ್ಲಿ ವಿದೇಶ ಪ್ರವಾಸ ಮುಗಿಸಿದವರು ನಮ್ಮಲ್ಲಿ ಅವರೊಬ್ಬರೇ.

ವೈಟ್‌ಫೀಲ್ಡಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ನಲವತ್ತು ಕಿಲೋಮೀಟರ್ ಚಿಲ್ಲರೆ. ಅಲ್ಲಿಂದ ಕೊಲಂಬೊ ಒಂದೂವರೆ ಗಂಟೆಯ ಹಾದಿ. ನಮ್ಮ ಒಟ್ಟು ಪ್ರಯಾಣದಲ್ಲಿ ಕಷ್ಟವಾದ ಭಾಗ ಯಾವುದು ಎಂದು ಬೆಂಗಳೂರಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಸಮುದ್ರವನ್ನು ನಾವು ಒಂದು ಸ್ಯಾಂಡ್‌ವಿಚ್ ಮುಗಿಯುವುದರೊಳಗೆ ದಾಟಿದೆವು; ಅದಕ್ಕೂ ಮುಂಚೆ ಟಿನ್ ಫ್ಯಾಕ್ಟರಿ ದಾಟಲು ಎರಡು ಕೀರ್ತನೆ, ಒಂದು ದೀರ್ಘ ಪ್ರಾರ್ಥನೆ ಬೇಕಾಯಿತು.

ಇಳಿದ ಕೂಡಲೇ ಹೆಂಗಸರಿಗೆಲ್ಲ ಹುರುಪು ಬಂದದ್ದು ದುಡ್ಡು ಬದಲಿಸುವ ಕೌಂಟರಿನಲ್ಲಿ. ನಮ್ಮ ಒಂದು ರೂಪಾಯಿಗೆ ಅಲ್ಲಿ ಮೂರು ರೂಪಾಯಿ ಚಿಲ್ಲರೆ! ಡಾಲರಿನ ಮುಂದೆ ಸದಾ ಕುಗ್ಗಿ ನಿಂತ ನಮ್ಮ ಗಾಂಧಿ ನೋಟು ಅಲ್ಲಿ ಎದೆ ಸೆಟೆಸಿತು.

ನಾವು ಹೋದದ್ದು ಹಟನ್ ಕಡೆಯ ಒಂದು ಚಹಾ ತೋಟಕ್ಕೆ. ಬೆಟ್ಟಕ್ಕೆ ಬೆಟ್ಟವೇ ಕತ್ತರಿಸಿಟ್ಟ ಹಸಿರು. ಅಲ್ಲಿ ಮೊದಲು ಇದ್ದದ್ದು ನಮ್ಮ ಚಿಕ್ಕಮಗಳೂರಿನ ಹಾಗೆ ಕಾಫಿ. 1869ರಿಂದ ಹಬ್ಬಿದ ಎಲೆರೋಗ ಅದನ್ನು ನುಂಗಿದ ಮೇಲೆ ಚಹಾ ಬಂತು. ಕಾಫಿ ಕಾಲದಲ್ಲೇ ಬ್ರಿಟಿಷರು ತಮಿಳುನಾಡಿನಿಂದ ಕರೆದೊಯ್ದ ಕೂಲಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇನ್ನೂ ಅದೇ ಸಾಲುಮನೆಗಳಲ್ಲಿದ್ದಾರೆ. ಅವರ ಪುಟ್ಟ ದೇವಾಲಯ, ಅದರ ಪಕ್ಕ ಮಕ್ಕಳ ಶಾಲೆಯ ಒಂದು ಉದ್ದನೆಯ ಕೋಣೆ.

ಆ ಕೋಣೆಗೆ ಬಣ್ಣ ಬಳಿಯುವುದು ನಮ್ಮ ಮುಖ್ಯ ಸೇವೆ. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವ ಕೈಗಳು ಬ್ರಷ್ ಹಿಡಿದವು. ಗೋಡೆಗಿಂತ ಹೆಚ್ಚು ಬಣ್ಣ ನೆಲಕ್ಕೆ, ನೆಲಕ್ಕಿಂತ ಹೆಚ್ಚು ಟೀಶರ್ಟಿಗೆ. ಮೂಲೆಯಲ್ಲಿ ಹಳೆಯ ಬಣ್ಣ ಚಕ್ಕೆ ಎದ್ದಿದ್ದನ್ನು ಕೆರೆದೆ. ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಗುಲಾಬಿ, ಅದರಡಿ ಎಂಥದೋ ಪಾಚಿ ಹಸಿರು. ಅಲ್ಲಿನ ಹಿರಿಯರೊಬ್ಬರು ಬೆರಳಿಟ್ಟು ವಿವರಿಸಿದರು: ಹಳದಿ ಕೊರಿಯಾದವರದು, ನೀಲಿ ಸಿಂಗಪುರ, ಗುಲಾಬಿ ಆಸ್ಟ್ರೇಲಿಯಾ. ಬಂದವರಿಗೆಲ್ಲ ಏನಾದರೊಂದು ಕೆಲಸ ಬೇಕಲ್ಲ, ಗೋಡೆ ಇದೆ ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ಮಕ್ಕಳ ಕೈಗೆ ಹಿಟ್ಟಿನ ಉಂಡೆ ಕೊಟ್ಟು ಕೂರಿಸುವ ತಾಯಿಯ ತಾಳ್ಮೆಯಿತ್ತು.

ಸಂಜೆ ನಾನು ಸಾಕ್ಷಿ ಹೇಳಬೇಕಿತ್ತು. ತಮಿಳು ಬರುತ್ತದೆಂದು ನಾನೇ ಹೆಸರು ಕೊಟ್ಟಿದ್ದೆ. ನನ್ನ ತಮಿಳು ಕಾಡುಗೋಡಿ ಮಾರ್ಕೆಟ್ಟಿನಲ್ಲಿ ಕಲಿತದ್ದು: ಬೆಲೆ ಕೇಳುವುದು, ಜಾಸ್ತಿಯಾಯಿತು ಎನ್ನುವುದು, ಬಿಟ್ಟು ಹೊರಟಂತೆ ನಟಿಸುವುದು. ಈ ಮೂರೇ ಬಂಡವಾಳದಲ್ಲಿ ದೇವರು ನನ್ನನ್ನು ಕಾಪಾಡಿದ್ದನ್ನು ವರ್ಣಿಸಿದೆ. ರಕ್ಷಣೆಗೆ ನಾನು ಚೌಕಾಸಿ ಮಾಡಿದೆನೆಂದು ಜನಕ್ಕೆ ಅರ್ಥವಾಯಿತೋ ಏನೋ, ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಇಡೀ ಪ್ರವಾಸದಲ್ಲಿ ಅವರಿಗೆ ನಮ್ಮಿಂದ ನಿಜವಾಗಿ ಸಂತೋಷವಾದ ಕಾರ್ಯಕ್ರಮ ಅದು.

ಆ ಹೊತ್ತಿಗೆ ಮಾಮ ಕಾಣೆ. ಅಪಾಯಗಳ ಪಟ್ಟಿ ತೆಗೆದು ನಾಯಕ ಆನೆಯ ಕಡೆ ನೋಡುತ್ತಿದ್ದ. ಕೊನೆಗೆ ಅವರು ಸಿಕ್ಕಿದ್ದು ದೇವಾಲಯದ ಹಿಂದಿನ ಬಾವಿಯ ಹತ್ತಿರ, ಬನಿಯನ್ನಿನಲ್ಲಿ. ಅಲ್ಲಿ ಒಂದು ಪಂಪ್ ಇತ್ತು. ಓಡುತ್ತದೆ, ನೀರು ಎತ್ತುವುದಿಲ್ಲ. ಬಹಳ ದಿನದಿಂದ ಹೆಂಗಸರು ಕೊಡದಲ್ಲಿ ಹೊರುತ್ತಿದ್ದಾರೆ. ಮಾಮ ಸದ್ದು ಕೇಳಿಯೇ "ಫುಟ್‌ವಾಲ್ವ್ ಹೋಗಿದೆ" ಎಂದರಂತೆ. ಪೈಪನ್ನು ಮೇಲಕ್ಕೆಳೆದು ಬಿಚ್ಚಿದರೆ ಒಳಗಿನ ರಬ್ಬರ್ ಹಪ್ಪಳವಾಗಿತ್ತು. ಹಳೇ ಟ್ಯೂಬಿನಿಂದ ಹೊಸ ವಾಷರ್ ಕತ್ತರಿಸಿ ಕೂರಿಸಿ, ಪೈಪಿಗೆ ನೀರು ತುಂಬಿ ಸ್ವಿಚ್ ಒತ್ತಿದಾಗ ಟ್ಯಾಂಕಿಗೆ ನೀರು ಬಿತ್ತು. ಅವರಿಗೆ ತಮಿಳು ಬರುವುದಿಲ್ಲ, ಹಿರಿಯರಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಬೀಡಿ ಹಚ್ಚುವಷ್ಟು ಸ್ನೇಹಿತರಾಗಿದ್ದರು. (ಬೀಡಿಯ ವಿಷಯ ಅಯ್ಯನವರಿಗೆ ಗೊತ್ತಿಲ್ಲ.)

ನಮ್ಮ ಚಟ್ನಿಪುಡಿ ಡಬ್ಬಿ ತೆರೆಯುವ ಸಂದರ್ಭವೇ ಬರಲಿಲ್ಲ. ದಿನಾ ಒಂದೊಂದು ಮನೆಯವರು ಅಡುಗೆ ಹೊತ್ತು ತಂದರು. ಬೆಳಿಗ್ಗೆ ಬಿಸಿ ಒತ್ತುಶ್ಯಾವಿಗೆ, ತೆಂಗಿನಕಾಯಿ ತುರಿಗೆ ಕೆಂಪು ಮೆಣಸು, ಈರುಳ್ಳಿ, ನಿಂಬೆರಸ ಸೇರಿಸಿ ಕುಟ್ಟಿದ ಸಂಬೋಲ; ಮಧ್ಯಾಹ್ನ ಮೀನು, ಕೋಳಿ. ನಮ್ಮ ಹುಡುಗರು ಇನ್ನೂ ಎರಡು ಹಾಕಿ ಎಂದು ತಟ್ಟೆ ಒಡ್ಡಿದರು. ಒಂದು ಸಂಜೆ ನಾನು ಎಲೆ ತೂಗುವಲ್ಲಿಗೆ ಹೋದೆ. ದಿನಕ್ಕೆ ಸುಮಾರು 18 ಕೆ.ಜಿ. ಚಿಗುರು ಕಿತ್ತರೆ ಪೂರಾ ಕೂಲಿ. ಒದ್ದೆ ಎಲೆಗೆ, ಚೀಲಕ್ಕೆ ಎಂದು ತೂಕ ಕಡಿತ ಬೇರೆ. ವಿಮಾನದಲ್ಲಿ ನಮ್ಮ ತಲೆಗೊಂದು ಪೆಟ್ಟಿಗೆ ಅದಕ್ಕಿಂತ ಜಾಸ್ತಿ ತೂಗಿತ್ತು. ದಿನಗೂಲಿ ಸಾವಿರ ಲಂಕಾ ರೂಪಾಯಿ ಆಗಲಿ ಎಂದು ವರ್ಷಗಟ್ಟಲೆ ಹೋರಾಡಿ ಅವರು ಪಡೆದದ್ದು 2021ರಲ್ಲಿ; ಮರುವರ್ಷ ಇಡೀ ದೇಶದ ಹಣಕಾಸೇ ಕುಸಿದು ಆ ಸಾವಿರಕ್ಕೆ ಬೆಲೆಯಿಲ್ಲದಂತಾಯಿತು. ನಮಗೆ ಅಡುಗೆ ಮಾಡಿದ ಹೆಂಗಸರು ಆ ದಿನ ತೋಟಕ್ಕೆ ಹೋಗುತ್ತಿರಲಿಲ್ಲ, ಆ ದಿನದ ಕೂಲಿಯೂ ಇಲ್ಲ. ಹನುಮಂತರಾಯ ಹಗ್ಗ ಕಡಿಯುತ್ತಿದ್ದರೆ ಪೂಜಾರಿ ಶ್ಯಾವಿಗೆ ಬೇಡಿದನಂತೆ. ಲಂಕೆಯಲ್ಲಿ ಈ ಗಾದೆ ಇಷ್ಟು ಅಕ್ಷರಶಃ ನನ್ನ ತಟ್ಟೆಗೇ ಬಡಿಸಲ್ಪಡುತ್ತದೆಂದು ಊಹಿಸಿರಲಿಲ್ಲ.

ವಾಪಸು ಬಂದ ಭಾನುವಾರ ವರದಿ. ವಿಲಿಯಂ ಆರ್ಥರನದು ಪುಸ್ತಕ, ನಮ್ಮದು ಪಿಪಿಟಿ. ಮೊದಲ ಸ್ಲೈಡು 'ನಾವು ಮುಟ್ಟಿದ ಬದುಕುಗಳು', ಕೆಳಗೊಂದು ಸಂಖ್ಯೆ; ಅದರಲ್ಲಿ ಟೀಶರ್ಟು ಹಂಚುವಾಗ ಎರಡು ಸಲ ಸಾಲಿಗೆ ಬಂದ ಮಕ್ಕಳೂ ಸೇರಿದ್ದರು. ಎರಡನೆಯದು 'ಶಾಲಾ ಪುನರುಜ್ಜೀವನ': ಗೋಡೆಯ ಮುಂದೆ ಎಲ್ಲರೂ ಹೆಬ್ಬೆರಳು ಎತ್ತಿ ನಿಂತದ್ದು. ಮೂರನೆಯದು 'ಕುಡಿಯುವ ನೀರಿನ ಯೋಜನೆ'. ಅದರಲ್ಲಿ ಟ್ಯಾಂಕಿನ ಪಕ್ಕ ನಾಯಕ, ನಲ್ಲಿಯ ಪಕ್ಕ ನಾನು. ಹಿಂದೆ ದೂರದಲ್ಲಿ, ಬಾವಿಯೊಳಕ್ಕೆ ಬಾಗಿದ ಒಂದು ಬನಿಯನ್ನಿನ ಬೆನ್ನು. ಯೋಜನೆಯ ಒಟ್ಟು ವೆಚ್ಚವನ್ನು ಸ್ಲೈಡಿನಲ್ಲಿ ಹಾಕಿರಲಿಲ್ಲ. ಹಳೇ ಟ್ಯೂಬು ಪುಕ್ಕಟೆ ಸಿಕ್ಕಿತ್ತು.

ಮುಂದಿನ ವರ್ಷ ಕೀನ್ಯಾ ಎನ್ನುತ್ತಿದ್ದಾರೆ, ಬಣ್ಣ ಯಾವುದಿರಲಿ ಎಂಬ ಚರ್ಚೆ ವಾಟ್ಸ್‌ಆ್ಯಪ್ಪಿನಲ್ಲಿ ಶುರುವಾಗಿದೆ. ಸಾಲಿನಲ್ಲಿ ನಾನು ಮತ್ತೆ ನಿಲ್ಲುತ್ತೇನೆ, ಅದನ್ನು ಬಿಡುವವಳಲ್ಲ. ನಿಮ್ಮ ಸಭೆಯವರೂ ಎಲ್ಲಿಗಾದರೂ ಹೊರಟಿದ್ದರೆ ಒಂದು ಮಾತು: ಬಣ್ಣದ ಡಬ್ಬ ಕೊಳ್ಳುವ ಮುಂಚೆ ಅಲ್ಲಿಯವರಿಗೆ ಫೋನ್ ಮಾಡಿ, ಅವರ ಪಂಪ್ ಎಷ್ಟು ಎಚ್‌ಪಿ, ಪೈಪ್ ಎಷ್ಟು ಇಂಚು ಎಂದು ಕೇಳಿಕೊಳ್ಳಿ. ಪೀಣ್ಯದಲ್ಲಿ ಎಲ್ಲ ಅಳತೆಯ ವಾಷರೂ ಸಿಗುತ್ತದೆ, ತೂಕವೂ ಕಡಿಮೆ.