ಹಿತ್ತಲ ಕೊಯ್ ಕೊಳದ ನಿರ್ವಹಣೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ವಿಲ್ಲಾಗಳ ಹಿತ್ತಲಲ್ಲಿ ನೆಲೆಗೊಂಡಿರುವ ಕೊಯ್ ಕೊಳವೆಂಬ ಜಲಕೇಂದ್ರಿತ ಸಂಕಥನವನ್ನು ತಾತ್ವಿಕ ನಿಕಷಕ್ಕೊಡ್ಡುವ ವಿನಮ್ರ ಪ್ರಯತ್ನವಾಗಿದೆ. ಕೊಳದಲ್ಲಿ ನೀರಿದೆ, ನೀರಿನಲ್ಲಿ ಮೀನಿದೆ ಎಂಬ ಪೂರ್ವಸೂರಿಗಳ ಸರಳೀಕೃತ ಗ್ರಹಿಕೆಯನ್ನು ಪ್ರಬಂಧಕಾರನು ಆರಂಭದಲ್ಲೇ ನಿರಾಕರಿಸುತ್ತಾನೆ.

ಐತಿಹಾಸಿಕ ಪರಿಪ್ರೇಕ್ಷ್ಯ: ಜಪಾನಿನ ನೀಗಾತಾ ಸೀಮೆಯ ಗುಡ್ಡಗಾಡು ರೈತರು ಹಿಮಗಾಲದ ಊಟಕ್ಕೆಂದು ಗೆಂಡೆ ಮೀನು ಸಾಕುತ್ತಿದ್ದರು. 19ನೇ ಶತಮಾನದಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣದ ಮರಿ ಕಂಡಿತು. ತಿನ್ನದೆ ಉಳಿಸಿಕೊಂಡು ತಳಿ ಬೆಳೆಸಿದರು, ಅದೇ ಕೊಯ್. 1914ರ ಟೋಕಿಯೋ ವಸ್ತುಪ್ರದರ್ಶನದಿಂದ ಅದರ ಖ್ಯಾತಿ ಹಬ್ಬಿತು. 2018ರಲ್ಲಿ ಹಿರೋಶಿಮಾದ ಹರಾಜಿನಲ್ಲಿ ಒಂದೇ ಒಂದು ಕೊಯ್ 20.3 ಕೋಟಿ ಯೆನ್ನಿಗೆ ಹೋಯಿತು. ಸಾರಿನ ಮೀನು ಸೌಂದರ್ಯಮೀಮಾಂಸೆಯ ಪಠ್ಯವಾಗಿ ಪಲ್ಲಟಗೊಂಡದ್ದು ಹೀಗೆ. ನಮ್ಮ ಕೆರೆಗಳ ಗೆಂಡೆಗೂ ಇದಕ್ಕೂ ನೆಂಟಸ್ತಿಕೆ ಉಂಟು, ಆದರೆ ಆ ನೆಂಟರನ್ನು ವಿಲ್ಲಾದವರು ಗೃಹಪ್ರವೇಶಕ್ಕೆ ಕರೆಯುವುದಿಲ್ಲ.

ಕೊಯ್ ಪಾಲಕರನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಬಹುದು. ಒಂದು, ಶೋಧಕನಿಷ್ಠರು: ಮನೆಗೆ ಬಂದವರಿಗೆ ಮೀನಿಗಿಂತ ಮೊದಲು ಫಿಲ್ಟರ್ ತೋರಿಸುವವರು. ಎರಡು, ಈಶಾನ್ಯವಾದಿಗಳು: ವಾಸ್ತು ಹೇಳಿದ ಮೂಲೆಯಲ್ಲೇ ತೋಡಿಸಿ, ಅಲ್ಲಿ ನೆರಳಿಲ್ಲದೆ ಪಾಚಿ ಬೆಳೆಸುವವರು. ಮೂರು, ನಾಮಪಾಠಕರು: ಬಿಳಿ ಮೈಮೇಲೆ ಕೆಂಪಿದ್ದರೆ ಕೋಹಾಕು, ಅದಕ್ಕೆ ಕಪ್ಪು ಬೊಟ್ಟು ಸೇರಿದರೆ ಸಾಂಕೆ ಎಂದು ಕಾಫಿ ಆರುವವರೆಗೂ ಪಠಿಸುವವರು. ನಾಲ್ಕು... ಬಿಡಿ, ಉಳಿದವರೂ ಹೆಚ್ಚುಕಡಿಮೆ ಇವರೇ.

ಅಂದಹಾಗೆ ಈ ಧಾಟಿ ನನ್ನದಲ್ಲ. ಜಲಸಂರಕ್ಷಣೆಯ ವಿಚಾರಸಂಕಿರಣವೊಂದರಲ್ಲಿ ‘ಜಲಕಾಯಗಳ ಪುನಶ್ಚೇತನದ ಸಹಭಾಗಿತ್ವ ಮಾದರಿ’ ಕುರಿತು ಊಟದ ಹೊತ್ತು ಮೀರುವವರೆಗೆ ಕೇಳಿಸಿಕೊಂಡು ಅಂಟಿದ್ದು. ಅಷ್ಟೂ ಹೊತ್ತಿನಲ್ಲಿ ಒಂದು ಕೆರೆಯ ಹೆಸರೂ ಬರಲಿಲ್ಲ.

ಅಮೋನಿಯಾ ಮೀಮಾಂಸೆ: ಮೀನು ಕಿವಿರಿನಿಂದ ಅಮೋನಿಯಾ ಹೊರಬಿಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಹೊಸ ಕೊಳದಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಕೆಲವು ವಾರ ಬೇಕು. ಆತುರಪಟ್ಟು ಎಲ್ಲ ಮೀನನ್ನೂ ಒಟ್ಟಿಗೆ ಬಿಟ್ಟವರು ಸಾಮಾನ್ಯವಾಗಿ ಒಟ್ಟಿಗೇ ತೆಗೆಯುತ್ತಾರೆ. 10,000 ಲೀಟರಿನ ಕೊಳಕ್ಕೆ ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಬೇಕೆಂದರೆ 1,000 ಲೀಟರ್. ನಲ್ಲಿ ನೀರಾದರೆ ಕ್ಲೋರಿನ್ ಕಳೆದೇ ಹಾಕಬೇಕು. 2024ರ ಮಾರ್ಚಿನ ಬರದಲ್ಲಿ ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಸಾರಿತು. ಕೊಯ್ ಕೊಳವು ಕಾರಂಜಿಯೋ, ಕೈತೋಟವೋ, ಕುಟುಂಬದ ಸದಸ್ಯನೋ ಎಂಬ ಪ್ರಶ್ನೆಯ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಎಂಟು ಕೊಯ್ ಇರುವ ಮನೆಯಲ್ಲಿ ಕೆಲಸದ ಹುಡುಗ ಬೆಳಿಗ್ಗೆ ಎದ್ದು ಗಾಜಿನ ನಳಿಕೆಯಲ್ಲಿ ಕೊಳದ ನೀರು ಹಿಡಿದು, ಅಮೋನಿಯಾ ಪರೀಕ್ಷೆಯ ಹನಿ ಹಾಕಿ ಬಣ್ಣ ನೋಡುತ್ತಾನೆ. ಹಳದಿಯಾದರೆ ಕ್ಷೇಮ, ಹಸಿರಾದರೆ ಯಜಮಾನರಿಗೆ ಫೋನು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ತುಂಬ ಮೀನು ಹೊಟ್ಟೆ ಮೇಲಾಗಿ ತೇಲಿದಾಗ ಯಾರ ಫೋನೂ ಹೊಡೆದುಕೊಂಡಿರಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಕೆರೆಗೆ, ನೀರಿಗೆ, ಬೆಂಕಿ! ಕೆರೆಯಲ್ಲಿ ಮೀನು ಸತ್ತಾಗಲೆಲ್ಲ ಒಂದು ಸಿದ್ಧ ಹೇಳಿಕೆ ಬರುತ್ತದೆ: ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿತ್ತು. ಕತ್ತು ಹಿಸುಕಿದವನು ಬಂದು, ಪಾಪ, ಉಸಿರು ಸಾಲಲಿಲ್ಲ ಎಂದ ಹಾಗೆ. ಕೆರೆಗೆ ಚರಂಡಿ ನೀರು ಬಿಟ್ಟರೆ ಅದರ ಕೊಳೆ ಕರಗಿಸಲು ಬ್ಯಾಕ್ಟೀರಿಯಾಗಳೇ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೇಲೆ ಅಮೋನಿಯಾ ಬೇರೆ. ಇದನ್ನು ಕಂಡುಹಿಡಿಯಲು ಸಮಿತಿ ಬೇಕೆ? ಆ ಹುಡುಗನನ್ನು ಕೇಳಿದರೆ ಸಾಕಿತ್ತು.

ಅಧ್ಯಯನದ ಮಿತಿ: ಕೊಯ್ ಸಾಕುವ ಮನೆಗಳ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಶೋಧಕದ ಜ್ಞಾನಮೀಮಾಂಸೆ ಎಂಬ ಅಧ್ಯಾಯ ಉಳಿದಿದೆ. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಕೊಳದ ನೀರನ್ನೇ ಒಂದು ಬಕೆಟ್ ಎತ್ತಿಕೊಂಡು ಅದರಲ್ಲಿ ಹಿಂಡಿ. ಅಧ್ಯಾಯ ಮುಗಿಯಿತು.