ಮಂಡಿ ಮೀಮಾಂಸೆ: ಹಿತ್ತಲ ಉಗಿಬಂಡಿಯ ಶಾಸ್ತ್ರವಿಚಾರ

ಉಗಿಬಂಡಿಯನ್ನು ಓಡಿಸುವ ಅಂಗ ಯಾವುದು ಎಂಬ ಪ್ರಶ್ನೆಗೆ ಹಿಂದಿನ ವಿದ್ವಾಂಸರೆಲ್ಲ ಬಾಯ್ಲರ್, ಸಿಲಿಂಡರ್, ಪಿಸ್ಟನ್ ಎಂದೇ ಉತ್ತರಿಸಿಕೊಂಡು ಬಂದಿದ್ದಾರೆ. ಊರಿಂದೂರಿಗೆ ಹೋಗುವ ಬಂಡಿಗಳ ಮಟ್ಟಿಗೆ ಇದು ಸರಿಯಿರಬಹುದು. ಮೊಳದುದ್ದದ ಬಂಡಿಗಳಿಗೆ ಸಲ್ಲದು. ಹಿತ್ತಲ ಹಳಿಯ ಮೇಲೆ ನಿಜವಾದ ನೀರನ್ನು ನಿಜವಾದ ಬೆಂಕಿಯಲ್ಲಿ ಕುದಿಸಿ ಓಡುವ ಪುಟ್ಟ ಎಂಜಿನ್ನಿನ ಚಾಲಕಾಂಗ ಅದರ ಒಳಗಿಲ್ಲ, ಪಕ್ಕದ ಹುಲ್ಲಿನ ಮೇಲೆ ಊರಿಕೊಂಡಿದೆ. ಅದು ಮನುಷ್ಯನ ಮಂಡಿ. ಈ ಸಿದ್ಧಾಂತವನ್ನು ಮಂಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. (ಮಂಡಿಸುವುದಕ್ಕೂ ಮಂಡಿಗೂ ಇರುವ ನಂಟನ್ನು ನಿಘಂಟುಕಾರರಿಗೆ ಬಿಟ್ಟಿದ್ದೇವೆ. ಅವರಿಗೂ ಒಂದಿಷ್ಟು ಕೆಲಸವಿರಲಿ.)

ಕ್ಷೇತ್ರಕಾರ್ಯ ನಡೆದದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ, ಮಗಳ ಮನೆಯ ಹಿತ್ತಲ ಬೇಲಿಗೆ ಆನಿಕೊಂಡು. ವೀಸಾ ಆರು ತಿಂಗಳದ್ದು. ಮೊದಲ ತಿಂಗಳು ನಾವು ಮೊಮ್ಮಗನನ್ನು ಆಡಿಸಿದೆವು, ಎರಡನೆಯ ತಿಂಗಳು ಅವನು ನಮ್ಮನ್ನು ಆಡಿಸಿದ. ಮೂರನೆಯ ತಿಂಗಳಲ್ಲಿ ಬೇಲಿಯಾಚೆಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಅಲ್ಲಿ ಎಂಬತ್ತರ ಆಸುಪಾಸಿನ ಯಜಮಾನರೊಬ್ಬರು ಹುಲ್ಲಿನ ಮೇಲೆ ಒಂದೇ ಮಂಡಿಯೂರಿ ಕೂತಿದ್ದರು. ಎಡಮಂಡಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಲೋಹದ್ದು, ಬಲಮಂಡಿ ಹುಟ್ಟಿನಿಂದ ಬಂದದ್ದು. ಊರಿದ್ದು ಬಲದ್ದು. ಎದುರಿಗೆ ಎರಡು ಮಹಾಯುದ್ಧಗಳ ನಡುವಣ ಕಾಲದ ಒಂದು ಉಗಿ ಎಂಜಿನ್, ಅವರ ತಂದೆ ಕೊಂಡದ್ದು. ಯಜಮಾನರ ಹೆಸರನ್ನು ಗೌರವದಿಂದಲೂ ಎಂಜಿನ್ ತಯಾರಿಸಿದವರ ಹೆಸರನ್ನು ಭಯದಿಂದಲೂ ಇಲ್ಲಿ ಕೈಬಿಡಲಾಗಿದೆ.

ಪೂರ್ವಪಕ್ಷವಿಲ್ಲದೆ ಶಾಸ್ತ್ರವಿಲ್ಲ. ಅದನ್ನು ಅಡಿಗೆಮನೆಯ ಕಿಟಕಿಯಿಂದ ನಮ್ಮ ಮನೆಯವರು ಒದಗಿಸಿದರು: “ಏನ್ರೀ ಅದು, ಒಂದು ಚೊಂಬು ನೀರು ಕಾಯಿಸೋಕೆ ಇಷ್ಟೊಂದು ರಾಮಾಯಣ?” ಇದಕ್ಕೆ ಸಮಾಧಾನ ಮುಂದೆ ಬರುತ್ತದೆ.

ಇತಿಹಾಸದಿಂದ ಆರಂಭಿಸೋಣ. 1829ರಲ್ಲಿ ರೇನ್‌ಹಿಲ್ ಪಂದ್ಯದಲ್ಲಿ ಸ್ಟೀಫನ್ಸನ್ನರ ರಾಕೆಟ್ ಗೆದ್ದದ್ದನ್ನು ಎಲ್ಲರೂ ಬಲ್ಲರು. ಆ ಮೇಲೆ ಇಂಗ್ಲೆಂಡಿನ ಉಳ್ಳವರ ಮನೆಗಳ ನಡುಮನೆಯಲ್ಲಿ ನಡೆದದ್ದನ್ನು ಚರಿತ್ರಕಾರರು ಮುಚ್ಚಿಟ್ಟಿದ್ದಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಿತ್ತಾಳೆಯ ಪುಟ್ಟ ಎಂಜಿನ್‌ಗಳು ಬಂದವು. ಹಳಿಯ ಹಂಗೇ ಅವಕ್ಕಿರಲಿಲ್ಲ. ಹೊಟ್ಟೆಯಡಿ ಸ್ಪಿರಿಟ್ ದೀಪ ಹಚ್ಚಿ ನೆಲದ ಮೇಲೆ ಬಿಟ್ಟರೆ ಸುತ್ತು ಹೊಡೆಯುತ್ತ, ದಾರಿಯುದ್ದಕ್ಕೂ ಬಿಸಿನೀರು ಸುರಿಸುತ್ತ, ಆಗಾಗ ಉರಿಯುವ ಸ್ಪಿರಿಟ್ಟನ್ನೂ ಚೆಲ್ಲುತ್ತ ಹೋಗುತ್ತಿದ್ದವು. ಜನ ಇವಕ್ಕೆ ಇಟ್ಟ ಹೆಸರನ್ನು ‘ಬರ್ಮಿಂಗ್‌ಹ್ಯಾಮಿನ ಜೊಲ್ಲುಬುರುಕ’ ಎಂದು ಕನ್ನಡಿಸಬಹುದು. ಇನ್ನೊಂದು ಹೆಸರೂ ಇತ್ತು, ಅದು ಜೊಲ್ಲಿಗಿಂತ ಕೆಳಗಿನ ದ್ರವಕ್ಕೆ ಸಂಬಂಧಿಸಿದ್ದು, ಸಭೆಯಲ್ಲಿ ಹೇಳುವಂಥದ್ದಲ್ಲ. ರತ್ನಗಂಬಳಿಗಳು ಸುಟ್ಟವು ನಿಜ. ಆದರೆ ಊರಿದ ಮಂಡಿಯ ಕೆಳಗೆ ರತ್ನಗಂಬಳಿಯೇ ಇತ್ತೆಂಬುದನ್ನು ಗಮನಿಸಬೇಕು. ಮಂಡಿಗೆ ಅದು ಕೃತಯುಗ.

ಬಳಿಕ ಇದೇ ನಾರ್ಥಾಂಪ್ಟನ್‌ನಲ್ಲಿ ಬಾಯ್ಲರ್ ಮಾಡುವವರ ಮನೆಯಲ್ಲಿ ಹುಟ್ಟಿದ ಡಬ್ಲ್ಯೂ. ಜೆ. ಬ್ಯಾಸೆಟ್-ಲೋಕ್ (1877–1953) ಎಂಬಾತ ಅಪ್ಪನಂತೆ ದೊಡ್ಡ ಬಾಯ್ಲರ್ ಮಾಡುವ ಬದಲು ಚಿಕ್ಕ ಬಾಯ್ಲರ್ ಮಾರಿ ದೊಡ್ಡವನಾದ. ಪಟ್ಟಣದ ಡರ್ನ್‌ಗೇಟ್ ಬೀದಿಯ 78ನೇ ನಂಬರಿನ ಮನೆಯನ್ನು ಸ್ಕಾಟ್ಲೆಂಡಿನ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಕೈಯಲ್ಲಿ ಹೊಸದು ಮಾಡಿಸಿದ. ಈಗ ಅದನ್ನು ಜನ ಹೋಗಿ ನೋಡಬಹುದು, ನಾವೂ ನೋಡಿದೆವು. ಮಂಡಿಯ ಗುರುತು ಎಲ್ಲೂ ಸಿಗಲಿಲ್ಲ. ಮಾರುವವನು ಊರುವುದಿಲ್ಲ, ಕೊಂಡವನು ಊರುತ್ತಾನೆ.

ಯಜಮಾನರ ಎಂಜಿನ್ ‘ಓ’ ಗೇಜಿನದು. ಎರಡು ಹಳಿಗಳ ನಡುವಣ ಅಂತರ 32 ಮಿಲಿಮೀಟರ್. ಇಂಗ್ಲೆಂಡಿನಲ್ಲಿ ಈ ಗೇಜಿನ ಎಂಜಿನ್ ನಿಜವಾದ ಎಂಜಿನ್ನಿನ 43.5ರಲ್ಲಿ ಒಂದು ಪಾಲು. ಇಲ್ಲೊಂದು ಮತಭೇದವಿದೆ. 32ನ್ನು 43.5ರಿಂದ ಗುಣಿಸಿದರೆ 1,392 ಬರುತ್ತದೆ, ನಿಜವಾದ ಹಳಿಯ ಅಗಲ 1,435. ಅಂದರೆ ಮಾದರಿ ಹಳಿ ಒಂದು ಮಿಲಿಮೀಟರಿನಷ್ಟು ಸಂಕುಚಿತ. ಅಮೆರಿಕದವರು ಇದೇ ಹಳಿಯ ಮೇಲೆ 48ರಲ್ಲಿ ಒಂದು ಪಾಲಿನ ಬಂಡಿ ಓಡಿಸುತ್ತಾರೆ. ಅವರ ಲೆಕ್ಕಕ್ಕೆ ಅದು 1,536, ಬೇಕಾದ್ದಕ್ಕಿಂತ ಅಗಲ. ಒಂದೇ ಹಳಿ ಅಟ್ಲಾಂಟಿಕ್ಕಿನ ಈಚೆ ಕಿರಿದು, ಆಚೆ ಹಿರಿದು. ಇದನ್ನು ಸಹಿಸಲಾರದೆ ಇಂಗ್ಲೆಂಡಿನಲ್ಲಿ 33 ಮಿಲಿಮೀಟರಿನವರದೇ ಒಂದು ಪಂಥ ಎದ್ದಿದೆ. ಒಂದು ನಾಮ ಬಡಗಲೆಯೋ ತೆಂಗಲೆಯೋ ಎಂದು ಕೋರ್ಟು ಹತ್ತಿದ ನಾಡಿನಿಂದ ಬಂದ ನಮಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಈಗ ಪೂರ್ವಪಕ್ಷಕ್ಕೆ ಸಮಾಧಾನ. ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ನೀರು ಒಮ್ಮೆ ಕಾದರೆ ಮನೆಮಂದಿಯ ಸ್ನಾನ ಮುಗಿಯುವವರೆಗೂ ಬಿಸಿಯಿರುತ್ತದೆ. ಅದೇ ನೀರನ್ನು ಲೋಟಕ್ಕೆ ಹಾಕಿಟ್ಟು ಒಂದು ಫೋನ್ ಮಾತಾಡಿ ಬಂದರೆ ತಣ್ಣಗಾಗಿರುತ್ತದೆ. ಎಂಜಿನ್ನನ್ನು 43.5 ಪಾಲು ಕುಗ್ಗಿಸಿದರೆ ಮೈಯ ಹರವು 1,892ರಲ್ಲಿ ಒಂದಕ್ಕಿಳಿಯುತ್ತದೆ, ಒಳಗಿನ ನೀರು 82,313ರಲ್ಲಿ ಒಂದಕ್ಕೆ. ಅಂದರೆ ಹಿಡಿ ನೀರಿಗೆ ಮೈಯೆಲ್ಲ ಬಾಗಿಲು. ಶಾಖ ಒಳಗೆ ಬಂದದ್ದೇ ತಡ ಹೊರಟುಹೋಗುತ್ತದೆ. ಬಂಡಿಯನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು, ನೀರಿನ ಸ್ವಭಾವವನ್ನು ಕುಗ್ಗಿಸಲಾಗದು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲೂ ಹೀಗೇ: ಕೊಳವೆ ತೀರ ಸಣ್ಣದಾದರೆ ನೀರು ಅದರ ಗೋಡೆಗೆ ಅಂಟಿ ಕೂತು, ಬಾಯ್ಲರ್ ಬತ್ತುತ್ತಿದ್ದರೂ ‘ಇನ್ನೂ ಇದ್ದೇನೆ’ ಎಂದು ಸುಳ್ಳು ಹೇಳುತ್ತದೆ.

ಈ ಕಷ್ಟಕ್ಕೆ ಪರಿಹಾರವೇನೆಂದು 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ವಾಗ್ಯುದ್ಧವೇ ಆಯಿತು. ಒಂದು ಕಡೆ ಬ್ಯಾಸೆಟ್-ಲೋಕ್ ಕಂಪನಿಗೆ ನಕ್ಷೆ ಬರೆದುಕೊಟ್ಟ ಹೆನ್ರಿ ಗ್ರೀನ್ಲಿ. ಇನ್ನೊಂದು ಕಡೆ ಒಂದು ರೈಲ್ವೆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನೇ ಕಾವ್ಯನಾಮ ಮಾಡಿಕೊಂಡ ‘ಎಲ್‌ಬಿಎಸ್‌ಸಿ’. ಸಣ್ಣ ಎಂಜಿನ್ನಿಗೆ ಸ್ಪಿರಿಟ್ ದೀಪವೇ ಗತಿ ಎಂಬುದು ಮೊದಲ ಪಕ್ಷ. ದೊಡ್ಡ ಎಂಜಿನ್ನಿನ ಹಾಗೆಯೇ ಒಳಗೆ ಕಲ್ಲಿದ್ದಲು ಉರಿಸಿದರೆ ಸಣ್ಣದೂ ಮನುಷ್ಯನನ್ನೇ ಎಳೆದೀತು ಎಂಬುದು ಎರಡನೆಯದು. ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಈ ಜಗಳಕ್ಕೆ ಅಖಾಡವಾಯಿತು. ಎಲ್‌ಬಿಎಸ್‌ಸಿ ತಮ್ಮ ‘ಆಯೆಷಾ’ ಎಂಬ ಕಲ್ಲಿದ್ದಲಿನ ಪುಟ್ಟ ಎಂಜಿನ್ನಿನಿಂದ ನಿಜವಾಗಿಯೂ ದೊಡ್ಡವರನ್ನು ಎಳೆಸಿ ತೋರಿಸಿದರು. ಚರಿತ್ರಕಾರರು ಇದನ್ನು ಬಾಯ್ಲರ್ ಸಮರವೆಂದು ಕರೆಯುತ್ತಾರೆ. ನಮ್ಮ ದೃಷ್ಟಿಗೆ ಗೆದ್ದದ್ದು ಬಾಯ್ಲರಲ್ಲ, ಮಂಡಿ. ಎಂಜಿನ್ನೇ ಮನುಷ್ಯನನ್ನು ಹೊತ್ತೊಯ್ದರೆ ಅವನು ಊರುವ ಬದಲು ಕೂರುತ್ತಾನೆ. ಸ್ಪಿರಿಟ್ ಪಕ್ಷದವರು ಊರುತ್ತಲೇ ಉಳಿದರು.

ಪ್ರಯೋಗ

ಯಜಮಾನರ ಕ್ರಮ ಹೀಗೆ. ಸಿರಿಂಜಿನಲ್ಲಿ ಅಳೆದು ನೀರು ಹಾಕುವುದು. ಬಿಸಿನೀರನ್ನೇ ಹಾಕಿ ಬೇಗ ಮುಗಿಸಬಹುದು, ಹಾಗೆ ಮಾಡುವವರಿದ್ದಾರೆ, ಅವರ ಬಗ್ಗೆ ಯಜಮಾನರು ಮಾತಾಡುವುದಿಲ್ಲ. ಆಮೇಲೆ ಎಣ್ಣೆ. ಎಣ್ಣೆಯ ಪುಟ್ಟ ಡಬ್ಬಿಯೊಳಕ್ಕೆ ಉಗಿ ನುಗ್ಗಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ. ಎಣ್ಣೆ ಮೇಲೆದ್ದು ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಒಗ್ಗರಣೆ ಎಣ್ಣೆ ಸಾರಿನ ಮೇಲೆ ತೇಲುವುದರಿಂದ ಇದನ್ನು ‘ತಿಳಿಸಾರು ನ್ಯಾಯ’ ಎಂದು ಕರೆದಿದ್ದೇವೆ. ಪೂರ್ವಪಕ್ಷದವರಿಗೂ ಇದೊಂದು ತಕ್ಷಣ ಅರ್ಥವಾಯಿತು.

ಆಮೇಲೆ ಸ್ಪಿರಿಟ್. ಕುಡಿಯದಿರಲೆಂದು ಅದಕ್ಕೆ ನೇರಳೆ ಬಣ್ಣ ಬೆರೆಸಿರುತ್ತಾರೆ. ಎಂಜಿನ್ನಿನ ಬೆನ್ನಿಗೆ ಕಟ್ಟಿದ ಟೆಂಡರ್ ಎಂಬ ಬಂಡಿಯ ತೊಟ್ಟಿಯಿಂದ ಬತ್ತಿಗಳಿಗೆ ಅದು ಹರಿಯುವ ಏರ್ಪಾಡು ಕೋಳಿಗೆ ನೀರಿಡುವ ಬೋರಲು ಬಾಟಲಿಯದು: ತಟ್ಟೆಯಲ್ಲಿ ಮಟ್ಟ ಇಳಿದರೆ ಬಾಟಲಿಗೆ ಗಾಳಿ ನುಗ್ಗುತ್ತದೆ, ಒಂದು ಗುಟುಕು ಕೆಳಗಿಳಿಯುತ್ತದೆ, ಮತ್ತೆ ನಿಲ್ಲುತ್ತದೆ. ಇಂಗ್ಲಿಷರೂ ಅದನ್ನು ಕೋಳಿಯ ಹೆಸರಿನಲ್ಲೇ ಕರೆಯುತ್ತಾರೆ. ಸ್ಪಿರಿಟ್ಟಿನ ಅಳತೆಯಲ್ಲಿ ಈ ಶಾಸ್ತ್ರದ ಮಹಾವಾಕ್ಯವಿದೆ: ಮೊದಲು ಬೆಂಕಿ ಆರಬೇಕು, ಆಮೇಲೆ ನೀರು ತೀರಬೇಕು. ತಿರುಗುಮುರುಗಾದರೆ ಹಳೆಯ ಬಾಯ್ಲರಿನ ಬೆಸುಗೆ ಕರಗಿ, ತಂದೆಯ ಕಾಲದ ಎಂಜಿನ್ ಮಗನ ಕೈಯಲ್ಲಿ ತಗಡಾಗುತ್ತದೆ. ಆದ್ದರಿಂದ ಸ್ಪಿರಿಟ್ ಯಾವಾಗಲೂ ಒಂದು ಹನಿ ಕಡಿಮೆ. ಇನ್ನು ಬಾಯ್ಲರ್ ಗಟ್ಟಿಯೇ ಎಂದು ಪರೀಕ್ಷಿಸುವುದು ಉಗಿಯಿಂದಲ್ಲ, ತಣ್ಣೀರು ತುಂಬಿ ಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಿ. ತಣ್ಣೀರು ಸೋರೀತೇ ಹೊರತು ಸಿಡಿಯದು. ಬದುಕಿನ ಬೇರೆ ಪರೀಕ್ಷೆಗಳಲ್ಲೂ ಈ ಪದ್ಧತಿ ಬಂದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ಬೆಂಕಿ ಹಚ್ಚಿದರೆ ಹತ್ತಿದ್ದು ಕಾಣುವುದಿಲ್ಲ. ಸ್ಪಿರಿಟ್ಟಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳದು. ಪ್ರತ್ಯಕ್ಷವಿಲ್ಲದ ಕಡೆ ಅನುಮಾನವೇ ಪ್ರಮಾಣ. ಯಜಮಾನರು ಅಂಗೈಯನ್ನು ಹತ್ತಿರ ಒಯ್ದು ಅನುಮಾನಿಸುತ್ತಾರೆ, ಕೈ ಹಿಂದೆಗೆದರೆ ಬೆಂಕಿಯಿದೆ ಎಂದರ್ಥ. ತಾರ್ಕಿಕರು ಶತಮಾನಗಳಿಂದ ‘ಹೊಗೆಯಿರುವಲ್ಲಿ ಬೆಂಕಿ’ ಎಂದು ಹೇಳಿಕೊಂಡು ಬಂದಿದ್ದಾರೆ. ಇಲ್ಲಿ ಹೊಗೆ ಬರುವುದು ಬೆಂಕಿಯಿಂದಲ್ಲ, ಸುಡುತ್ತಿರುವ ಬಣ್ಣದಿಂದ. ಈ ಜಾತಿಯ ಬಾಯ್ಲರಿನಲ್ಲಿ ಉರಿಯು ಒಳಗಿನ ನೀರಿನ ಕೊಳವೆಗೂ ಹೊರಗಿನ ಕವಚಕ್ಕೂ ನಡುವೆ ಹಾಯುವುದರಿಂದ ಕವಚದ ಬಣ್ಣ ಗುಳ್ಳೆಯೆದ್ದು ಸೀಯುತ್ತದೆ. ಬಣ್ಣ ನೆಟ್ಟಗಿರುವ ಹಳೆಯ ಎಂಜಿನ್ ಕಂಡರೆ ಅದು ಓಡಿಲ್ಲವೆಂದೋ, ಮತ್ತೆ ಬಣ್ಣ ಬಳಿದಿದ್ದಾರೆಂದೋ ತಿಳಿಯಬೇಕು. ತಲೆಗೂದಲಿಗೂ ಇದೇ ನಿಯಮ.

ಅನಂತರ ಕಾಯುವುದು. ಅನಂತರ ಸೇಫ್ಟಿ ವಾಲ್ವ್ ‘ಸ್’ ಎನ್ನುವುದು. ಈಗ ಓಡೀತು ಎಂದುಕೊಂಡರೆ ಓಡದು. ತಣ್ಣನೆಯ ಸಿಲಿಂಡರಿಗೆ ಹೊಕ್ಕ ಉಗಿ ನೀರಾಗಿ ಕುಳಿತಿರುತ್ತದೆ. ಕೈಯಿಂದ ಹಿಂದಕ್ಕೂ ಮುಂದಕ್ಕೂ ನೂಕಿದರೆ ಚಿಮಣಿಯಿಂದ ಎಣ್ಣೆ ಬೆರೆತ ಬಿಸಿನೀರು ಉಗುಳುತ್ತದೆ. ಮೊದಲ ದಿನ ಬೇಲಿ ದಾಟಿ ಬಂದು ಬಗ್ಗಿ ನೋಡುತ್ತಿದ್ದ ಈ ಸಂಶೋಧಕನ ಕನ್ನಡಕದ ಮೇಲೆ ಬಿದ್ದ ಹನಿಗಳನ್ನು ಪ್ರಾಥಮಿಕ ಆಕರವಾಗಿ ಹಾಗೇ ಉಳಿಸಿಕೊಳ್ಳುವ ಇಚ್ಛೆಯಿತ್ತು. ಮನೆಯವರು ಸೋಪು ಹಾಕಿ ಒರೆಸಿಬಿಟ್ಟರು. ಹುಡುಗನಾಗಿದ್ದಾಗ ಮೀಟರ್ ಗೇಜ್ ರೈಲಿನ ಕಿಟಕಿಯಿಂದ ತಲೆ ಹೊರಹಾಕಿ ಕಣ್ಣಿಗೆ ಕಲ್ಲಿದ್ದಲ ಕಿಡಿ ಹೊಡೆಸಿಕೊಂಡು ಅಮ್ಮನಿಂದ ಬೈಸಿಕೊಂಡದ್ದು ಆಗ ನೆನಪಾಯಿತು. ಬೈಯುವವರು ಬದಲಾಗಿದ್ದಾರೆ, ಅಷ್ಟೆ.

ಕೊನೆಗೆ ಓಡುತ್ತದೆ. ಓಡಿದ ಮೇಲೆ ನಿಲ್ಲಿಸುವ ಬಗೆಯಿಲ್ಲ. ರೇಡಿಯೋ ನಿಯಂತ್ರಣ ಇತ್ತೀಚಿನದು, ಆ ಕಾಲದ ಎಂಜಿನ್ನಿಗೆ ರೇಡಿಯೋ ಅಂದರೆ ಬರೀ ವಾರ್ತೆ. ಏರಿನಲ್ಲಿ ಮುಗ್ಗರಿಸುತ್ತದೆ, ಇಳಿಜಾರಿನಲ್ಲಿ ಹುಚ್ಚಾಗುತ್ತದೆ, ತಿರುವಿಗೆ ಮುಂಚೆ ಹಿಡಿಯದಿದ್ದರೆ ಗುಲಾಬಿ ಪೊದೆ ಸೇರುತ್ತದೆ. ಆದ್ದರಿಂದ ಎದ್ದು ಹಿಂದೆ ಹೋಗಬೇಕು. ಯಜಮಾನರ ನಡಿಗೆ ಗಂಟೆಗೆ 5 ಕಿಲೋಮೀಟರ್ ಎಂದಿಟ್ಟುಕೊಳ್ಳಿ, ಸಂಜೆ ಕೊತ್ತಂಬರಿ ಸೊಪ್ಪು ತರಲು ಹೋಗುವ ವೇಗ. ಇದನ್ನು 43.5ರಿಂದ ಗುಣಿಸಿದರೆ 217.5. ಉಗಿ ಎಂಜಿನ್‌ಗಳ ವಿಶ್ವದಾಖಲೆ 1938ರ ಜುಲೈ 3ರಂದು ಇದೇ ಇಂಗ್ಲೆಂಡಿನ ಇಳಿಜಾರೊಂದರಲ್ಲಿ ಮ್ಯಾಲಾರ್ಡ್ ಮಾಡಿದ್ದು, ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್. ಚಪ್ಪಲಿ ಮೆಟ್ಟಿಕೊಂಡು ವಾರಕ್ಕೆರಡು ಸಲ ಆ ದಾಖಲೆ ಮುರಿಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮ್ಯಾಲಾರ್ಡಿನ ನಡುವಣ ಬೇರಿಂಗ್ ಆ ಓಟದಲ್ಲಿ ಕಾದು ಕೆಟ್ಟಿತು. ಯಜಮಾನರ ಎಡಗಡೆಯ ಬೇರಿಂಗ್ ಆಗಲೇ ಬದಲಾಗಿದೆ, ಬಲದ್ದು ಕಾಯುತ್ತಿದೆ. ಅದೇ ಲೆಕ್ಕದಲ್ಲಿ ಹಳಿಯ ಮೇಲೆ ಮಲಗಿದ್ದ ಮೂರು ಸೆಂಟಿಮೀಟರಿನ ಬಸವನಹುಳು ನಾಲ್ಕಡಿ ದಾಟಿದ ಮೃಗ. ಅದರ ಲೋಳೆಗೆ ಚಕ್ರ ಜಾರಿ ದಾಖಲೆ ಅಲ್ಲಿಗೇ ನಿಂತಿತು.

ನೆಲದ ಹಳಿಯ ಮಂಡಿಕಷ್ಟ ತಾಳದೆ ಹಳಿಯನ್ನು ಸೊಂಟದೆತ್ತರದ ಕಂಬಗಳ ಮೇಲೆ ಏರಿಸಿದವರೂ ಇದ್ದಾರೆ. ಇವರನ್ನು ಅಟ್ಟವಾದಿಗಳೆನ್ನೋಣ. ನಿಂತೇ ದೀಪ ಹಚ್ಚಬಹುದು, ನಿಂತೇ ಎಣ್ಣೆ ಹಾಕಬಹುದು. ಆದರೆ ನೆಲದಲ್ಲಿ ಹಳಿ ತಪ್ಪಿದ ಎಂಜಿನ್ ಪಕ್ಕಕ್ಕೆ ಮಲಗುತ್ತದೆ, ಅಟ್ಟದಿಂದ ತಪ್ಪಿದ್ದು ಕೆಳಗಿನ ಕಾಂಕ್ರೀಟನ್ನು ಮುಟ್ಟುತ್ತದೆ. ಆಗ ಅಟ್ಟವಾದಿ ಊರುವುದು ಒಂದಲ್ಲ, ಎರಡೂ ಮಂಡಿ. ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಅರಮನೆಯಲ್ಲಿ ಊಟದ ಮೇಜಿನ ಮೇಲೆ ಬೆಳ್ಳಿಯ ರೈಲು ಓಡುತ್ತಿತ್ತು, ಪಾನೀಯದ ಬಾಟಲಿ, ಚುಟ್ಟಾ ಹೊತ್ತು ಅತಿಥಿಗಳ ಮುಂದೆ ಬರುತ್ತಿತ್ತು. ಅದು ಅಟ್ಟವಾದದ ಪರಾಕಾಷ್ಠೆಯೇ ಸರಿ. ವಿದ್ಯುತ್ತಿನದಾದ್ದರಿಂದ ಶಾಸ್ತ್ರಕ್ಕೆ ಹೊರಗು.

ಆಗಸ್ಟಿನಲ್ಲಿ ನಾವು ಟಿಪ್ಪಣಿ ಲೆಕ್ಕ ಹಾಕಿದೆವು. ಒಂದು ದಿನದ ಓಟಕ್ಕೆ ತಯಾರಿ 50 ನಿಮಿಷ, ಓಟ 14 ನಿಮಿಷ, ತಣಿಸಿ ಒರೆಸಿ ಎತ್ತಿಡುವುದು 40 ನಿಮಿಷ. 14 ನಿಮಿಷಕ್ಕಾಗಿ ಉಳಿದ 90 ನಿಮಿಷ ಎಂದು ಪೂರ್ವಪಕ್ಷ. 90 ನಿಮಿಷಕ್ಕೊಂದು ನೆಪ ಬೇಕಲ್ಲ, ಅದಕ್ಕೆ 14 ನಿಮಿಷ ಎಂದು ನಮ್ಮ ಸಿದ್ಧಾಂತ. ಇದನ್ನು ಯಜಮಾನರ ಮುಂದಿಟ್ಟಾಗ ಅವರು ಸಿರಿಂಜಿನಿಂದ ತಲೆಯೆತ್ತದೆ, ಒಂದು ಹನಿ ಜಾಸ್ತಿ ಹೋಯಿತೆಂದು ಬೇಸರಪಟ್ಟುಕೊಂಡರು.

ಊರಿಗೆ ಹೊರಡುವ ಹಿಂದಿನ ದಿನ ಅವರು ಬೆಂಕಿಪೊಟ್ಟಣವನ್ನು ನಮ್ಮ ಕೈಗಿಟ್ಟರು. ಊರಿದೆವು. ಗೀರಿದೆವು. ಏನೂ ಕಾಣಲಿಲ್ಲ. ಅಂಗೈ ಒಯ್ದು ಅನುಮಾನಿಸಿ ಸರಕ್ಕನೆ ಹಿಂದೆಗೆದೆವು, ಯಜಮಾನರು ತೃಪ್ತಿಯಿಂದ ತಲೆಯಾಡಿಸಿದರು. ಹನ್ನೊಂದು ನಿಮಿಷಕ್ಕೆ ಎಂಜಿನ್ ಹೊರಟಿತು. ಅದನ್ನು ಹಿಂಬಾಲಿಸಲು ಏಳಬೇಕು ಎಂಬಲ್ಲಿ ಶಾಸ್ತ್ರ ಕೈಕೊಟ್ಟಿತು. ನಮ್ಮ ಎರಡು ಮತ್ತು ಅವರ ಒಂದು, ಒಟ್ಟು ಮೂರು ಮಂಡಿಗಳಲ್ಲಿ ಒಂದೂ ಒಪ್ಪಲಿಲ್ಲ. ಅಡಿಗೆಮನೆಯ ಕಿಟಕಿಯಿಂದ “ಅಯ್ಯೋ, ಇಬ್ಬರೂ ಅಲ್ಲೇ ಕೂತುಬಿಟ್ರಲ್ರೀ, ಇರಿ ಬಂದೆ” ಎಂಬ ಧ್ವನಿ ಬಂತು. ಬಸವನಹುಳುವಿಲ್ಲದ ಹಳಿಯ ಮೇಲೆ ಎಂಜಿನ್ ತಾನಾಗಿ ತಿರುವು ದಾಟಿತು, ಗುಲಾಬಿ ಪೊದೆ ದಾಟಿತು. ಅವರು ಸೆರಗಿಗೆ ಕೈ ಒರೆಸಿಕೊಂಡು, ಬೇಲಿ ಸುತ್ತಿ ಬಂದು ಕೈ ಕೊಡುವವರೆಗೆ ಇನ್ನೂ ನಾಲ್ಕು ಸುತ್ತು ವೀಕ್ಷಣೆ ನಡೆಸಲಾಯಿತು.